ಎಂಟು ಗಜ ಯಾರ ಅಳತೆ?

ಹೋದ ಜನವರಿಯ ಒಂದು ಭಾನುವಾರ, ಪುಣೆಯ ಶಾಲಾ ಮೈದಾನವೊಂದರಲ್ಲಿ ನನ್ನ ಅಕ್ಕನ ಮಗ 11 ಗೋಲು ಬಿಟ್ಟುಕೊಟ್ಟ. ಅವನಿಗೆ 9 ವರ್ಷ, ಎತ್ತರ 132 ಸೆಂಟಿಮೀಟರ್. ಹುಟ್ಟುಹಬ್ಬಕ್ಕೊಮ್ಮೆ ಗೋಡೆಗೆ ನಿಲ್ಲಿಸಿ ಪೆನ್ಸಿಲಿನಲ್ಲಿ ಗೆರೆ ಎಳೆಯುವ ಚಟ ಅಕ್ಕನಿಗಿದೆ, ಹಾಗಾಗಿ ಎತ್ತರ ನಿಖರವಾಗಿ ಗೊತ್ತು. ಪಂದ್ಯಾವಳಿ 10 ವರ್ಷದೊಳಗಿನವರದ್ದು. ಮೈದಾನ ಮಾತ್ರ ದೊಡ್ಡವರದ್ದು, ಗೋಲುಕಂಬಗಳೂ ದೊಡ್ಡವರವೇ. ಹನ್ನೊಂದರಲ್ಲಿ ಆರು ಗೋಲು ಅವನು ಎತ್ತಿದ ಕೈಗಿಂತ ಮೇಲೆ ಹಾದುಹೋದವು. ಗೆರೆಯಾಚೆ ನಿಂತ ಅಪ್ಪಂದಿರು ಮರಾಠಿಯಲ್ಲಿ ‘ಉಡೀ ಮಾರ್, ಉಡೀ ಮಾರ್’ ಎಂದು ಕೂಗುತ್ತಿದ್ದರು. ಹಾರು, ಹಾರು ಅಂತ. ಅವನು ಹಾರುತ್ತಲೇ ಇದ್ದ.

ವಾಪಸು ಬರುವಾಗ ರಿಕ್ಷಾದಲ್ಲಿ ಒಂದೇ ಮಾತು ಆಡಿದ. ‘ನಾ ಜಿಗದೆ ಮಾಮಾ. ಚೆಂಡು ಮ್ಯಾಲಿಂದ ಮ್ಯಾಲೇ ಹೋತು.’ ಮಾರನೆಯ ವಾರ ಅಭ್ಯಾಸಕ್ಕೆ ಹೋಗಲಿಲ್ಲ.

ಆ ದಿನಗಳಲ್ಲಿ ನನ್ನ ಮೇಜಿನ ಮೇಲಿದ್ದ ಕೆಲಸವೂ ಫುಟ್‌ಬಾಲಿನದ್ದೇ. ಉತ್ತರ ಕರ್ನಾಟಕದ ಹಳ್ಳಿ ಶಾಲೆಗಳಲ್ಲಿ ಆಟ ಕಲಿಸುವವರಿಗಾಗಿ ಒಂದು ಇಂಗ್ಲಿಷ್ ಕೈಪಿಡಿಯನ್ನು ಕನ್ನಡಕ್ಕೆ ತರಬೇಕಿತ್ತು. ಮೊದಲ ಅಧ್ಯಾಯದಲ್ಲೇ ಒಂದು ಕೋಷ್ಟಕ: ಯಾವ ವಯಸ್ಸಿಗೆ ಎಷ್ಟು ಜನ, ಎಷ್ಟು ದೊಡ್ಡ ಅಂಗಣ, ಎಷ್ಟು ದೊಡ್ಡ ಗೋಲು. ಅಳತೆಗಳೆಲ್ಲ ಯಾರ್ಡು ಮತ್ತು ಅಡಿಗಳಲ್ಲಿ. ಯಾರ್ಡಿಗೆ ನಮ್ಮಲ್ಲಿ ಗಜ ಇದೆ, ಅಡಿಗೆ ಅಡಿ ಇದೆ, ತೊಂದರೆಯೇನೂ ಇರಲಿಲ್ಲ. ಆದರೆ 8 ಗಜ ಎಂದು ಬರೆದ ಮೇಲೆ ಪೆನ್ನು ಅಲ್ಲೇ ನಿಂತಿತು. ಮನಸ್ಸು ಇನ್ನೊಂದು ಪದದ ಕಡೆ ಓಡಿತ್ತು: ಮಾರು.

ಮುಂಬಯಿ, ದೆಹಲಿಗಳಲ್ಲೇ ಬೆಳೆದ ಓದುಗರಿಗೆ ಈ ಪದ ಮನೆಯ ಹಿರಿಯರಿಂದ ಕೇಳಿ ಗೊತ್ತಿರಬಹುದು. ಎರಡೂ ಕೈಗಳನ್ನು ಅಗಲಕ್ಕೆ ಚಾಚಿದರೆ ಒಂದು ಬೆರಳ ತುದಿಯಿಂದ ಇನ್ನೊಂದು ಬೆರಳ ತುದಿಗೆ ಒಂದು ಮಾರು. ಮೊಣಕೈಯಿಂದ ಬೆರಳ ತುದಿಗೆ ಒಂದು ಮೊಳ. ನಾಲ್ಕು ಮೊಳಕ್ಕೆ ಒಂದು ಮಾರು. ಹೂವಿನ ವ್ಯಾಪಾರದಲ್ಲಿ ಇವತ್ತಿಗೂ ಇದೇ ಲೆಕ್ಕ. ಧಾರವಾಡದಲ್ಲಿ ನಮ್ಮಜ್ಜಿ ಸಂತೆಗೆ ಕಳಿಸುವಾಗ ‘ಉದ್ದ ಕೈಯಾಕಿ ಕಡೆ ತಗೋ’ ಎಂದು ಹೇಳಿಯೇ ಕಳಿಸುತ್ತಿದ್ದಳು. ಮೊಳ ಎಂದರೆ ಮೊಳವೇ, ಆದರೆ ಯಾರ ಮೊಳ ಎಂಬುದು ಬೇರೆಯೇ ಪ್ರಶ್ನೆ ಎಂದು ಅಜ್ಜಿಗೆ ಚೆನ್ನಾಗಿ ಗೊತ್ತಿತ್ತು. ಮೀಟರು ಬಂದ ಮೇಲೆ ನಾವು ಆ ಪ್ರಶ್ನೆ ಕೇಳುವುದನ್ನೇ ಬಿಟ್ಟೆವು.

ಮನುಷ್ಯನ ಮಾರು ಹೆಚ್ಚುಕಡಿಮೆ ಅವನ ಎತ್ತರದಷ್ಟೇ ಇರುತ್ತದೆ. ಆರು ಅಡಿ ಎತ್ತರದ ಗಂಡಸಿನ ಮಾರು ಆರು ಅಡಿ. ಫುಟ್‌ಬಾಲ್ ಗೋಲಿನ ಅಗಲ 8 ಗಜ, ಅಂದರೆ 24 ಅಡಿ, ಮೀಟರಿನಲ್ಲಿ 7.32. ಆ ಆರಡಿಯವನಿಗೆ ಅದು ಸರಿಯಾಗಿ ನಾಲ್ಕು ಮಾರು. ನನ್ನ ಅಕ್ಕನ ಮಗನಿಗೆ ಐದೂವರೆ ಮಾರು. ಗೋಲಿನ ಎತ್ತರ 8 ಅಡಿ, 2.44 ಮೀಟರ್. ಈ ಲೆಕ್ಕವನ್ನು ತಿರುವಿ ಹಾಕಿ ನೋಡಿ: ಆ ಹುಡುಗನಿಗೆ ಆ ಗೋಲು ಕಂಡಷ್ಟೇ ದೊಡ್ಡದಾಗಿ ಆರಡಿ ಗಂಡಸಿಗೂ ಕಾಣಬೇಕಾದರೆ ಅದು ಸುಮಾರು 33 ಅಡಿ ಅಗಲ, 11 ಅಡಿ ಎತ್ತರ ಇರಬೇಕು. 105 ಮೀಟರಿನ ಅಂಗಣ 145 ಮೀಟರಿಗೆ ಹಿಗ್ಗಬೇಕು. ‘ಉಡೀ ಮಾರ್’ ಎನ್ನುತ್ತಿದ್ದ ಅಪ್ಪಂದಿರನ್ನು ಅಂಥ ಗೋಲಿನ ಮುಂದೆ ಹತ್ತು ನಿಮಿಷ ನಿಲ್ಲಿಸಬೇಕು ಅನ್ನಿಸಿತು.

ಈ 8 ಗಜ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದೆ. ಕೈಪಿಡಿಯ ಗಡುವು ತಪ್ಪಿತು, ಅದು ಬೇರೆ ಮಾತು.

1863ರ ಅಕ್ಟೋಬರ್ 26ರಂದು ಲಂಡನ್ನಿನ ಫ್ರೀಮೇಸನ್ಸ್ ಟ್ಯಾವರ್ನ್ ಎಂಬಲ್ಲಿ ಕೆಲವು ಕ್ಲಬ್ಬುಗಳ ಪ್ರತಿನಿಧಿಗಳು ಸೇರಿ ಫುಟ್‌ಬಾಲ್ ಅಸೋಸಿಯೇಷನ್ ಕಟ್ಟಿದರು. ಎಬೆನೀಜರ್ ಕಾಬ್ ಮಾರ್ಲಿ ಎಂಬ ವಕೀಲರು ಅದರ ಮೊದಲ ಕಾರ್ಯದರ್ಶಿ. ಅದೇ ವರ್ಷದ ಕೊನೆಗೆ ನಿಯಮಗಳು ಸಿದ್ಧವಾದವು. ಮೊದಲ ನಿಯಮವೇ ಅಳತೆಯದ್ದು: ಅಂಗಣದ ಉದ್ದ 200 ಗಜ ಮೀರಬಾರದು, ಅಗಲ 100 ಗಜ ಮೀರಬಾರದು, ಗೋಲು ಎಂದರೆ 8 ಗಜ ಅಂತರದಲ್ಲಿ ನೆಟ್ಟ ಎರಡು ಕಂಬ, ಅವುಗಳ ಮೇಲೆ ಪಟ್ಟಿಯಾಗಲಿ ಅಡ್ಡಗಂಬವಾಗಲಿ ಇಲ್ಲ. ಅಂದರೆ ಎತ್ತರಕ್ಕೆ ಮಿತಿಯೇ ಇರಲಿಲ್ಲ. ಕಂಬಗಳ ನಡುವಿನಿಂದ ಚೆಂಡು ಮುಗಿಲಿಗೆ ಹಾರಿಹೋದರೂ ಗೋಲು. ಹಾಗೆ ತೀರ ಮೇಲಿನಿಂದ ಹೋದದ್ದೂ ಗೋಲಾಗುವುದು ಸರಿಯಲ್ಲ ಅನ್ನಿಸಿ 1866ರಲ್ಲಿ 8 ಅಡಿ ಎತ್ತರಕ್ಕೆ ಒಂದು ಪಟ್ಟಿ ಕಟ್ಟುವ ನಿಯಮ ಬಂತು. 1875ರಲ್ಲಿ ಪಟ್ಟಿಯ ಬದಲು ಅಡ್ಡಗಂಬ ಹಾಕಬಹುದು ಎಂದಾಯಿತು, 1882ರಲ್ಲಿ ಹಾಕಲೇಬೇಕು ಎಂದಾಯಿತು.

ಇದನ್ನು ಓದುವಾಗ ನಗು ಬಂತು. ಬೀದಿಯಲ್ಲಿ ಎರಡು ಜೊತೆ ಚಪ್ಪಲಿ ಇಟ್ಟು ಫುಟ್‌ಬಾಲ್ ಆಡಿದವರಿಗೆಲ್ಲ ಈ ಸಮಸ್ಯೆ ಗೊತ್ತು. ಚಪ್ಪಲಿಗೆ ಅಡ್ಡಗಂಬ ಎಲ್ಲಿಂದ ಬರಬೇಕು? ಅದಕ್ಕೆ ನಮ್ಮ ಓಣಿಯ ನಿಯಮ ಹೀಗಿತ್ತು: ಗೋಲ್‌ಕೀಪರ್ ಕೈ ಎತ್ತಿ ಹಾರಿದರೂ ಸಿಗದಷ್ಟು ಮೇಲೆ ಚೆಂಡು ಹೋದರೆ ಗೋಲಲ್ಲ. ಸಣ್ಣವನು ಕೀಪರ್ ಆದಾಗ ಗೋಲು ತಾನಾಗಿಯೇ ಗಿಡ್ಡವಾಗುತ್ತಿತ್ತು, ಉದ್ದದವನು ನಿಂತಾಗ ಎತ್ತರವಾಗುತ್ತಿತ್ತು. ಚಪ್ಪಲಿಗಳ ನಡುವಿನ ಅಂತರವನ್ನು ಹೆಜ್ಜೆಯಲ್ಲಿ ಅಳೆಯುತ್ತಿದ್ದೆವು, ದೊಡ್ಡ ಪಾದದವನು ತನ್ನ ಕಡೆಯ ಗೋಲು ಅಳೆಯುವಾಗ ಮಾತ್ರ ಹಿಮ್ಮಡಿಗೆ ಬೆರಳು ತಾಗಿಸಿ ಜಿಪುಣನಂತೆ ನಡೆಯುತ್ತಿದ್ದ. ಜಗಳ ಆಗುತ್ತಿತ್ತು, ತೀರುತ್ತಿತ್ತು. ಅಳತೆ ಆಡುವವರ ಮೈಯದ್ದೇ ಆಗಿರುತ್ತಿತ್ತು.

ಲಂಡನ್ನಿನ ಆ 8 ಗಜವಾದರೂ ಆಗ ಇಂಗ್ಲೆಂಡಿನ ಎಲ್ಲೆಡೆ ನಡೆಯುತ್ತಿದ್ದ ಅಳತೆಯಲ್ಲ. ಈಟನ್ ಶಾಲೆಯ ಮೈದಾನದಾಟದಲ್ಲಿ ಗೋಲಿನ ಅಗಲ 11 ಅಡಿ, ಎತ್ತರ 7 ಅಡಿ. ಅದೇ 1863ರಲ್ಲಿ ಕೇಂಬ್ರಿಜ್‌ನವರು ಬರೆದುಕೊಂಡ ನಿಯಮಗಳಲ್ಲಿ 15 ಅಡಿ. ಶೆಫೀಲ್ಡ್ ಊರಿನ ಆಟಕ್ಕೆ ಅದರದ್ದೇ ನಿಯಮಗಳಿದ್ದವು, ಅಲ್ಲಿ ಗೋಲಿನ ಅಗಲ 4 ಗಜ, ಅಂದರೆ 12 ಅಡಿ. ಅಷ್ಟು ಕಿರಿದಾದ ಗೋಲಿಗೆ ಚೆಂಡು ಹೋಗುವುದೇ ಅಪರೂಪ. ಅದಕ್ಕೆ ಗೋಲಿನ ಎರಡೂ ಬದಿಗೆ ನಾಲ್ಕು ನಾಲ್ಕು ಗಜ ದೂರದಲ್ಲಿ ಬಾವುಟ ನೆಟ್ಟು, ಆ ಜಾಗದ ಮೂಲಕ ಬಂದದ್ದಕ್ಕೂ ಒಂದು ಬಗೆಯ ಉಪಗೋಲಿನ ಲೆಕ್ಕ ಇಟ್ಟಿದ್ದರು. 1868ರಲ್ಲಿ ಆ ಉಪಗೋಲನ್ನು ಕೈಬಿಟ್ಟು, ಗೋಲನ್ನೇ 8 ಗಜಕ್ಕೆ ಅಗಲಿಸಿದರು.

12 ಅಡಿ ಎಂಬ ಆ ಅಂಕಿಯನ್ನು ದಯವಿಟ್ಟು ನೆನಪಿಡಿ. ಉಕ್ಕಿನ ಊರು ಶೆಫೀಲ್ಡಿನ ಮೀಸೆ ಹೊತ್ತ ಗಂಡಸರು ಆಡಿದ್ದ ಗೋಲಿನ ಅಗಲ ಅದು. ಮತ್ತೆ ಬರುತ್ತದೆ.

ಬಲೆಯ ಕತೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ, ಅದು ಅಳತೆಗೆ ಸಂಬಂಧಿಸಿದ್ದಲ್ಲ. ಚೆಂಡು ಕಂಬದ ಒಳಗೆ ಹೋಯಿತೋ ಹೊರಗೆ ಹೋಯಿತೋ ಎಂಬ ತಕರಾರು ನಿಲ್ಲಿಸಲು ಲಿವರ್‌ಪೂಲಿನ ಎಂಜಿನಿಯರ್ ಜಾನ್ ಅಲೆಕ್ಸಾಂಡರ್ ಬ್ರೋಡಿ ಗೋಲಿಗೆ ಬಲೆ ಕಟ್ಟುವ ಉಪಾಯಕ್ಕೆ 1890ರಲ್ಲಿ ಪೇಟೆಂಟ್ ಪಡೆದರು. ದೆಹಲಿಯ ಓದುಗರಿಗೆ ಇಲ್ಲೊಂದು ತುಣುಕು ಇದೆ: 1912ರಲ್ಲಿ ಹೊಸ ರಾಜಧಾನಿಯ ಜಾಗ, ನಕ್ಷೆ ಗೊತ್ತುಮಾಡಲು ಬಂದ ನಗರ ಯೋಜನಾ ಸಮಿತಿಯಲ್ಲಿ ಲಟ್ಯೆನ್ಸ್ ಜೊತೆ ಇದ್ದವರು ಇದೇ ಬ್ರೋಡಿ. ಹಿಂದೆ ರಾಜಪಥ ಎನಿಸಿಕೊಂಡಿದ್ದ ರಸ್ತೆಯ ಅಗಲ ನೋಡಿದಾಗಲೆಲ್ಲ ಇನ್ನು ನನಗೆ ಗೋಲಿನ ಬಲೆ ನೆನಪಾಗುತ್ತದೆ.

ಹೀಗೆ 19ನೇ ಶತಮಾನ ಮುಗಿಯುವ ಹೊತ್ತಿಗೆ 24 ಅಡಿ, 8 ಅಡಿ ಎಂಬುದು ಕಲ್ಲಿನಲ್ಲಿ ಕೊರೆದ ಹಾಗಾಗಿತ್ತು. ಆಟ ಹಡಗು ಹತ್ತಿ ಹೋದಲ್ಲೆಲ್ಲ ಅಳತೆಯೂ ಹೋಯಿತು. ಮಕ್ಕಳು ಆಡುವುದನ್ನು ದೊಡ್ಡವರು ಸಂಘಟಿಸಲು ತೊಡಗಿದಾಗ, ಲೀಗು ಬಂದಾಗ, ಸಮವಸ್ತ್ರ ಬಂದಾಗ, ಕಣ್ಣೆದುರು ಇದ್ದದ್ದು ಈ ಒಂದೇ ಅಂಗಣ. ವಿಚಿತ್ರವೆಂದರೆ ನಿಯಮ ಅಡ್ಡ ಬರುತ್ತಿರಲಿಲ್ಲ. 16 ವರ್ಷದೊಳಗಿನವರ ಪಂದ್ಯಗಳಿಗೆ ಅಂಗಣ, ಚೆಂಡು, ಗೋಲಿನ ಅಗಲ, ಅಡ್ಡಗಂಬದ ಎತ್ತರ ಇವನ್ನೆಲ್ಲ ಬದಲಿಸಿಕೊಳ್ಳಬಹುದು ಎಂದು ಆಟದ ನಿಯಮ ಪುಸ್ತಕವೇ ಹೇಳುತ್ತಿತ್ತು. ಬದಲಿಸಿಕೊಂಡವರು ಕಡಿಮೆ. 1990ರ ದಶಕದಲ್ಲೂ ಇಂಗ್ಲೆಂಡಿನಲ್ಲಿ ಭಾನುವಾರ ಬೆಳಿಗ್ಗೆ ಎಂಟೊಂಬತ್ತು ವರ್ಷದ ಮಕ್ಕಳು ಹನ್ನೊಂದು ಹನ್ನೊಂದು ಜನರಾಗಿ ದೊಡ್ಡವರ ಅಂಗಣದಲ್ಲಿ ಓಡುವುದು ಮಾಮೂಲಿಯಾಗಿತ್ತು.

ಅಂಥ ಅಂಗಣದಲ್ಲಿ ಏನಾಗುತ್ತದೆ ಎಂದು ಆ ಭಾನುವಾರ ಪುಣೆಯಲ್ಲಿ ನಾನೇ ನೋಡಿದೆ. ಹದಿನೈದು ಹದಿನಾರು ಮಕ್ಕಳು ಜೇನುಹುಳದ ಹಿಂಡಿನಂತೆ ಚೆಂಡಿನ ಸುತ್ತ. ಹಿಂಡಿನ ಹೊರಗೆ ಇಬ್ಬರು ಮಕ್ಕಳು ಹುಲ್ಲು ಕೀಳುತ್ತ ಕೂತಿದ್ದರು. ಎದುರು ತಂಡದಲ್ಲಿ ಉಳಿದವರಿಗಿಂತ ಒಂದು ತಲೆ ಎತ್ತರದ ಒಬ್ಬ ಹುಡುಗನಿದ್ದ. ಅವನು ಜೋರಾಗಿ ಒದ್ದರೆ ಚೆಂಡು ಹಿಂಡನ್ನು ದಾಟಿ ಹೋಗುತ್ತಿತ್ತು, ಹಿಂದೆಯೇ ಅವನು ಓಡುತ್ತಿದ್ದ, ಮುಂದೆ ಖಾಲಿ ಬಯಲು, ಬಯಲಿನ ಕೊನೆಗೆ ಐದೂವರೆ ಮಾರಿನ ಗೋಲು, ಅದರಲ್ಲಿ ಒಬ್ಬ ನಾಲ್ಕಡಿ ಹುಡುಗ. ಪಾಸ್ ಮಾಡುವ ಅಗತ್ಯ ಯಾರಿಗೂ ಬೀಳಲಿಲ್ಲ. ದೊಡ್ಡ ಅಂಗಣ ಮಗುವಿಗೆ ಕಲಿಸುವುದು ಇಷ್ಟೇ: ಜೋರಾಗಿ ಒದೆ, ವೇಗವಾಗಿ ಓಡು. ಆ ವಯಸ್ಸಿನಲ್ಲಿ ಇವೆರಡೂ ಕೌಶಲಕ್ಕಿಂತ ಹೆಚ್ಚಾಗಿ ಹುಟ್ಟಿದ ತಿಂಗಳಿಗೆ ಸಂಬಂಧಿಸಿದ್ದು. ಜನವರಿಯಲ್ಲಿ ಹುಟ್ಟಿದವನಿಗೂ ಡಿಸೆಂಬರಿನಲ್ಲಿ ಹುಟ್ಟಿದವನಿಗೂ ಒಂದೇ ವಯೋಗುಂಪು, ನಡುವೆ ಒಂದು ವರ್ಷದ ಬೆಳವಣಿಗೆಯ ಅಂತರ. ಬೆಲ್ಜಿಯಮ್ಮಿನ ಲ್ಯೂವೆನ್ ವಿಶ್ವವಿದ್ಯಾಲಯದ ವರ್ನರ್ ಹೆಲ್ಸೆನ್ ಈ ವಿಷಯದ ಮೇಲೆ ಬಹಳ ವರ್ಷ ಕೆಲಸ ಮಾಡಿದವರು. ಯುವ ತಂಡಗಳಿಗೆ ಆಯ್ಕೆಯಾಗುವವರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು ಎಂಬುದು ದೇಶ ದೇಶಗಳಲ್ಲಿ ಕಂಡುಬಂದ ಸಂಗತಿ. ಬೇಗ ಬೆಳೆದವನನ್ನು ನಾವು ಪ್ರತಿಭಾವಂತ ಎಂದು ಕರೆಯುತ್ತೇವೆ. ತಡವಾಗಿ ಬೆಳೆಯುವವನು ಬೆಳೆಯುವ ಹೊತ್ತಿಗೆ ಆಟವನ್ನೇ ಬಿಟ್ಟಿರುತ್ತಾನೆ.

ಅಳತೆ ಕುಗ್ಗಿದ ಮೊದಲ ದೊಡ್ಡ ಪ್ರಯೋಗ ಮಕ್ಕಳ ಮೇಲಿನ ಕನಿಕರದಿಂದ ಹುಟ್ಟಿದ್ದಲ್ಲ, ಜಾಗವಿಲ್ಲದೆ ಹುಟ್ಟಿದ್ದು. 1930ರಲ್ಲಿ ಉರುಗ್ವೆ ಮೊದಲ ವಿಶ್ವಕಪ್ ಗೆದ್ದಾಗ ಮಾಂಟೆವಿಡಿಯೊದ ಓಣಿ ಓಣಿಯಲ್ಲೂ ಫುಟ್‌ಬಾಲ್ ಹುಚ್ಚು. ಆಡಲು ಮೈದಾನ ಸಾಲದು. ಅಲ್ಲಿನ ವೈಎಂಸಿಎಯಲ್ಲಿ ಮಾಸ್ತರರಾಗಿದ್ದ ಹ್ವಾನ್ ಕಾರ್ಲೋಸ್ ಸೆರಿಯಾನಿ, ಬಾಸ್ಕೆಟ್‌ಬಾಲಿನ ಅಂಗಣಕ್ಕೆ ಹೊಂದುವಂತೆ ಐದೈದು ಜನರ ಆಟವೊಂದನ್ನು ರೂಪಿಸಿದರು. ಬಾಸ್ಕೆಟ್‌ಬಾಲ್, ಹ್ಯಾಂಡ್‌ಬಾಲ್, ವಾಟರ್‌ಪೋಲೊಗಳಿಂದ ಒಂದೊಂದು ನಿಯಮ ಎರವಲು ತಂದರು. ಅದೇ ಇವತ್ತಿನ ಫುಟ್ಸಾಲ್. ಇಂದು ಅದರ ಗೋಲು 3 ಮೀಟರ್ ಅಗಲ, 2 ಮೀಟರ್ ಎತ್ತರ, ಹ್ಯಾಂಡ್‌ಬಾಲಿನದ್ದೂ ಅಷ್ಟೇ. ಇಕ್ಕಟ್ಟಿನ ಜಾಗದಲ್ಲಿ ಬೆಳೆದ ದಕ್ಷಿಣ ಅಮೆರಿಕದ ಮಕ್ಕಳ ಕಾಲಿನಲ್ಲಿ ಚೆಂಡು ಅಂಟಿಕೊಂಡಂತೆ ಇರುವುದನ್ನು ಯೂರೋಪ್ ಬೆರಗಿನಿಂದ ನೋಡುತ್ತಿತ್ತು. ಕಾರಣ ಇಕ್ಕಟ್ಟೇ ಇರಬಹುದು ಎಂದು ಹೊಳೆಯಲು ಮಾತ್ರ ಬಹಳ ಕಾಲ ಹಿಡಿಯಿತು. ನೆದರ್‌ಲ್ಯಾಂಡ್ಸಿನಲ್ಲಿ ರೀನಸ್ ಮಿಕೆಲ್ಸ್ ನಾಲ್ಕು ನಾಲ್ಕು ಜನರ ಆಟವನ್ನು ಎತ್ತಿಹಿಡಿದದ್ದು, ಕಾರುಗಳಿಂದಾಗಿ ಬೀದಿಯಿಂದ ಮರೆಯಾಗುತ್ತಿದ್ದ ಮಕ್ಕಳಾಟವನ್ನು ಕ್ಲಬ್ಬಿನೊಳಗೆ ಮರಳಿ ತರಬೇಕು ಎಂಬ ಹಂಬಲದಿಂದ.

ಈ ಚರಿತ್ರೆಯಲ್ಲಿ ನನಗೆ ಎಲ್ಲರಿಗಿಂತ ಇಷ್ಟವಾದವರು ಹೋರ್ಸ್ಟ್ ವೈನ್. ಅವರು ಮೂಲತಃ ಫುಟ್‌ಬಾಲಿನವರೇ ಅಲ್ಲ, ಹಾಕಿಯವರು, ಜರ್ಮನಿಯವರು. 1980ರ ಮಾಸ್ಕೋ ಒಲಿಂಪಿಕ್ಸಿನಲ್ಲಿ ಸ್ಪೇನ್ ಹಾಕಿ ತಂಡದ ಕೋಚ್ ಆಗಿದ್ದರು. ಆ ಫೈನಲ್ ನಮ್ಮಲ್ಲಿ ಅನೇಕರ ಮನೆಯ ಹಿರಿಯರಿಗೆ ಬಾಯಿಪಾಠ: ಭಾರತ 4, ಸ್ಪೇನ್ 3. ನಮ್ಮ ಕೊನೆಯ ಒಲಿಂಪಿಕ್ ಹಾಕಿ ಚಿನ್ನ ಅದೇ, ಕೊಡಗಿನ ಎಂ.ಎಂ. ಸೋಮಯ್ಯ ಆ ತಂಡದಲ್ಲಿದ್ದರು. ಅಂದು ಸೋತ ಬದಿಯಲ್ಲಿದ್ದ ವೈನ್ ಮಕ್ಕಳಿಗಾಗಿ ಸಣ್ಣ ಅಂಗಣದ ಹಾಕಿಯನ್ನು ಪ್ರಚಾರ ಮಾಡಿದವರು. ಮುಂದೆ ಸ್ಪೇನಿನಲ್ಲೇ ನೆಲೆಸಿ ಅದೇ ವಿಚಾರವನ್ನು ಫುಟ್‌ಬಾಲಿಗೆ ತಂದರು. ಅವರ ಆಟದ ಹೆಸರು ಫುನಿನ್ಯೊ. ಇಂಗ್ಲಿಷಿನ ‘ಫನ್’, ಸ್ಪ್ಯಾನಿಶ್‌ನಲ್ಲಿ ಮಗು ಎಂಬರ್ಥದ ‘ನಿನ್ಯೊ’, ಎರಡನ್ನೂ ಹೊಸೆದ ಪದ. ಮೂರು ಮೂರು ಮಕ್ಕಳು, ಗೋಲ್‌ಕೀಪರ್ ಇಲ್ಲ. ಅಂಗಣದ ಪ್ರತಿ ತುದಿಗೂ ಒಂದರ ಬದಲು ಎರಡು ಪುಟ್ಟ ಗೋಲು, ಮೂಲೆಗೊಂದರಂತೆ. ಗೋಲು ಹೊಡೆಯಬೇಕಾದರೆ ಗೋಲಿನ ಹತ್ತಿರದ ಒಂದು ವಲಯದೊಳಕ್ಕೆ ಬಂದೇ ಹೊಡೆಯಬೇಕು, ದೂರದಿಂದ ಒದ್ದರೆ ಲೆಕ್ಕಕ್ಕಿಲ್ಲ.

ಎರಡು ಗೋಲು ಏಕೆ? ಒಂದೇ ಗೋಲಿದ್ದರೆ ಎಲ್ಲರೂ ನಡುವಿಗೆ ನುಗ್ಗುತ್ತಾರೆ, ಹಿಂಡಾಗುತ್ತಾರೆ. ಎರಡಿದ್ದರೆ ಮಗು ತಲೆ ಎತ್ತಿ ನೋಡಲೇಬೇಕು: ಎಡಗಡೆ ಇಬ್ಬರು ಕಾಯುತ್ತಿದ್ದಾರೆ, ಹಾಗಾದರೆ ಬಲಗಡೆ ಖಾಲಿ. ನೋಡು, ಯೋಚಿಸು ಎಂದು ಕೋಚ್ ಗಂಟಲು ಹರಿದುಕೊಳ್ಳಬೇಕಿಲ್ಲ, ಅಂಗಣವೇ ಅದನ್ನು ಹೇಳುತ್ತದೆ. ವೈನ್ ಬರೆದ ಸ್ಪ್ಯಾನಿಶ್ ಪುಸ್ತಕವೊಂದರ ಹೆಸರು ‘ಫುಟ್ಬೊಲ್ ಅ ಲಾ ಮೆದೀದಾ ದೆಲ್ ನಿನ್ಯೊ’. ಮಗುವಿನ ಅಳತೆಯ ಫುಟ್‌ಬಾಲ್. ‘ಅ ಲಾ ಮೆದೀದಾ’ ದರ್ಜಿಯ ಅಂಗಡಿಯ ಮಾತು, ಮೈಯಳತೆ ತೆಗೆದು ಹೊಲಿದದ್ದು ಎಂದು. ಅನುವಾದಿಸಬೇಕಾಗಿ ಬಂದರೆ ನಾನು ‘ಮಗುವಿನ ಮೈಗೊಪ್ಪುವ ಫುಟ್‌ಬಾಲ್’ ಎಂದೇ ಬರೆದೇನು.

ದರ್ಜಿಯ ಮಾತು ಬಂದದ್ದು ಒಳ್ಳೆಯದೇ ಆಯಿತು. ಜೂನ್ ತಿಂಗಳಲ್ಲಿ ಸಮವಸ್ತ್ರ ಹೊಲಿಸುವಾಗ ನಮ್ಮಮ್ಮಂದಿರು ಹೇಳುತ್ತಿದ್ದ ಮಾತು ನಿಮಗೂ ನೆನಪಿರಬೇಕು: ಬೆಳೆಯೋ ಹುಡುಗ, ಸ್ವಲ್ಪ ದೊಡ್ಡದೇ ಇರಲಿ. ದೊಡ್ಡ ಅಂಗಣದ ಪರವಾಗಿ ಎಲ್ಲ ದೇಶಗಳಲ್ಲೂ ಹೇಳುವ ವಾದ ಬಹುಪಾಲು ಇದೇ. ಹೇಗೂ ಮುಂದೆ ಅದರಲ್ಲೇ ಆಡಬೇಕಲ್ಲ, ಈಗಿನಿಂದಲೇ ಅಭ್ಯಾಸವಾಗಲಿ. ಬಡತನದಲ್ಲಿ ಆ ಮಾತಿಗೆ ಅರ್ಥವಿತ್ತು, ಒಂದೇ ಅಂಗಿ ಎರಡು ವರ್ಷ ಬರಬೇಕಿತ್ತು. ಆದರೆ ಮೊಣಕಾಲು ದಾಟುವ ಚಡ್ಡಿ ಹಾಕಿಕೊಂಡು ಓಡಿದವರಿಗೆ ಗೊತ್ತು, ಆ ಎರಡು ವರ್ಷ ಓಟಕ್ಕಿಂತ ಚಡ್ಡಿ ಹಿಡಿದುಕೊಳ್ಳುವುದೇ ಹೆಚ್ಚು.

ಇಂಗ್ಲೆಂಡ್ ಈ ಜಗಳವನ್ನು ಹದಿನೈದು ವರ್ಷ ಜಗ್ಗಾಡಿತು. 1997ರಲ್ಲಿ ಅಲ್ಲಿನ ಅಸೋಸಿಯೇಷನ್ನಿನ ತಾಂತ್ರಿಕ ನಿರ್ದೇಶಕ ಹಾವರ್ಡ್ ವಿಲ್ಕಿನ್ಸನ್ ಯುವ ಫುಟ್‌ಬಾಲಿನ ಸುಧಾರಣೆಗೆ ಒಂದು ದಸ್ತಾವೇಜು ಬರೆದರು. ಅದರ ಬೆನ್ನಿಗೆ 1999ರಲ್ಲಿ ‘ಮಿನಿ ಸಾಕರ್’ ಬಂತು, 10 ವರ್ಷದೊಳಗಿನವರಿಗೆ ಚಿಕ್ಕ ತಂಡ, ಚಿಕ್ಕ ಅಂಗಣ. ಆದರೆ ಮಗುವಿಗೆ ಹತ್ತು ತುಂಬುತ್ತಲೇ ಮತ್ತೆ ಹನ್ನೊಂದು ಜನರ ದೊಡ್ಡ ಬಯಲು. ಏಳು ಜನರ ಆಟದಿಂದ ಒಂದೇ ನೆಗೆತ. 2010ರ ವಿಶ್ವಕಪ್ಪಿನಲ್ಲಿ ಜರ್ಮನಿಯ ಕೈಯಲ್ಲಿ 4–1ರಿಂದ ಸೋತ ಮೇಲೆ ಆ ದೇಶಕ್ಕೆ ತನ್ನ ಮಕ್ಕಳು ಹೇಗೆ ಆಟ ಕಲಿಯುತ್ತಾರೆ ಎಂಬ ಚಿಂತೆ ಹೆಚ್ಚಾಯಿತು. ಹಳೆಯ ಆಟಗಾರ ಟ್ರೆವರ್ ಬ್ರೂಕಿಂಗ್ ಆಗ ಅಸೋಸಿಯೇಷನ್ನಿನಲ್ಲಿ ಆಟದ ಬೆಳವಣಿಗೆ ನೋಡಿಕೊಳ್ಳುತ್ತಿದ್ದರು, ಮಕ್ಕಳ ಆಟದ ಹೊಣೆ ನಿಕ್ ಲೆವೆಟ್ ಅವರದ್ದಾಗಿತ್ತು. ಲೀಗುಗಳನ್ನು ನಡೆಸುವವರನ್ನೂ ತಂದೆತಾಯಂದಿರನ್ನೂ ಊರೂರಿಗೆ ಹೋಗಿ ಮಾತನಾಡಿಸಿ, ಕೊನೆಗೆ 2012ರ ಮೇ ತಿಂಗಳಲ್ಲಿ ಪ್ರಸ್ತಾವವನ್ನು ಮತಕ್ಕೆ ಹಾಕಿ ಗೆದ್ದರು.

ಅದರ ಪ್ರಕಾರ ಆಗ ನಿಂತ ಅಳತೆಗಳು ಹೀಗಿದ್ದವು. 7 ಮತ್ತು 8 ವರ್ಷದೊಳಗಿನವರಿಗೆ ಐದೈದು ಜನ, 40ಕ್ಕೆ 30 ಗಜದ ಅಂಗಣ, ಗೋಲು 12 ಅಡಿ ಅಗಲ, 6 ಅಡಿ ಎತ್ತರ. 9 ಮತ್ತು 10ರೊಳಗಿನವರಿಗೆ ಏಳೇಳು ಜನ, 60ಕ್ಕೆ 40 ಗಜ, ಗೋಲು ಅದೇ. 11, 12ರೊಳಗಿನವರಿಗೆ ಒಂಬತ್ತೊಂಬತ್ತು, 80ಕ್ಕೆ 50 ಗಜ, ಗೋಲು 16 ಅಡಿಗೆ 7 ಅಡಿ. ಹನ್ನೊಂದು ಜನರ ಆಟ ಶುರುವಾಗುತ್ತಿದ್ದದ್ದು 13ರೊಳಗಿನವರ ಗುಂಪಿನಿಂದ, ಆಗಲೂ ಗೋಲು 21 ಅಡಿಗೆ 7 ಅಡಿ. ಪೂರ್ಣ 24 ಅಡಿಯ ಗೋಲು ಬರುವುದು 15ರೊಳಗಿನವರ ಗುಂಪಿಗೆ.

12 ಅಡಿ ಮತ್ತೆ ಬಂತು ನೋಡಿ. ಒಂದೂವರೆ ಶತಮಾನದ ಹಿಂದೆ ಶೆಫೀಲ್ಡಿನ ದೊಡ್ಡವರು ಆಡಿದ ಗೋಲಿನ ಅಗಲವೇ ಇಂದಿನ ಏಳು ವರ್ಷದ ಮಗುವಿನ ಗೋಲಿನ ಅಗಲ. ಇದು ನಿಜವಾದ ಫುಟ್‌ಬಾಲ್ ಅಲ್ಲ, ಆಟಿಕೆ ಎಂದು ಅಲ್ಲಿನ ಅಪ್ಪಂದಿರು ಮೂಗು ಮುರಿದರಂತೆ. ಅವರ ಮುತ್ತಜ್ಜಂದಿರಿಗೆ ಅದು ಆಟಿಕೆಯಾಗಿರಲಿಲ್ಲ.

ಈ ಕೋಷ್ಟಕದಲ್ಲಿ ಅಂಗಣ ಮತ್ತು ಗೋಲು ಎರಡನ್ನೇ ನೋಡಿದರೆ ಸಾಲದು, ಭಾಗಾಕಾರವನ್ನೂ ಮಾಡಬೇಕು. ದೊಡ್ಡವರ 105ಕ್ಕೆ 68 ಮೀಟರ್ ಅಂಗಣವನ್ನು 22 ಜನರಿಗೆ ಹಂಚಿದರೆ ತಲೆಗೆ ಸುಮಾರು 325 ಚದರ ಮೀಟರ್. ಐದೈದು ಜನರ ಪುಟ್ಟ ಅಂಗಣದಲ್ಲಿ ತಲೆಗೆ 100, ಏಳೇಳರಲ್ಲಿ 143, ಒಂಬತ್ತೊಂಬತ್ತರಲ್ಲಿ 186. ಅಂಗಣ ಮಾತ್ರ ಕುಗ್ಗಿಸಿ 22 ಜನರನ್ನೂ ಅದರೊಳಗೆ ತುಂಬಿದರೆ ಪುಣೆ ಸ್ಟೇಶನ್ನಿನ ಪ್ಲಾಟ್‌ಫಾರ್ಮ್ ಆಗುತ್ತದೆ. ಗೋಲನ್ನು ಮಾತ್ರ ಕುಗ್ಗಿಸಿ ಅಂಗಣ ದೊಡ್ಡದೇ ಬಿಟ್ಟರೆ ಯಾರೂ ಗೋಲು ಹೊಡೆಯಲಾರರು. ಜನ, ಜಾಗ, ಗೋಲು, ಚೆಂಡು ನಾಲ್ಕೂ ಒಟ್ಟಿಗೆ ಬೆಳೆಯಬೇಕು, ಮಗುವಿನ ಕೈಕಾಲು ಒಟ್ಟಿಗೆ ಬೆಳೆಯುವ ಹಾಗೆ.

ಜರ್ಮನಿ ಇನ್ನೂ ಮುಂದೆ ಹೋಯಿತು. ತೀರ ಚಿಕ್ಕ ಮಕ್ಕಳಿಗೆ ಇಬ್ಬಿಬ್ಬರು ಅಥವಾ ಮೂವರು ಮೂವರ ಆಟ, ನಾಲ್ಕು ಪುಟ್ಟ ಗೋಲು, ಹೆಚ್ಚುಕಡಿಮೆ ವೈನ್ ಹೇಳಿದ್ದೇ. 2022ರಲ್ಲಿ ತೀರ್ಮಾನವಾಗಿ 2024–25ರ ಸಾಲಿನಿಂದ ಇದು ಇಡೀ ದೇಶಕ್ಕೆ ಕಡ್ಡಾಯವಾಯಿತು. ಬೊರುಸಿಯಾ ಡಾರ್ಟ್‌ಮುಂಡ್ ಕ್ಲಬ್ಬಿನ ಮುಖ್ಯಸ್ಥ ಹಾನ್ಸ್ ಯೋಆಖಿಮ್ ವಾಟ್ಸ್ಕೆ 2023ರಲ್ಲಿ ಇದನ್ನು ಬಹಿರಂಗವಾಗಿ ಲೇವಡಿ ಮಾಡಿದರು: ಇನ್ನು ಚೆಂಡೇ ಇಲ್ಲದೆ ಆಡಿಸುತ್ತಾರೆ, ಇಲ್ಲವೇ ಉರುಳಿ ಹೋಗದ ಹಾಗೆ ಚೌಕದ ಚೆಂಡು ಮಾಡುತ್ತಾರೆ ಎಂಬ ಧಾಟಿಯಲ್ಲಿ. ಮಕ್ಕಳು ಸೋಲುವುದನ್ನು ಕಲಿಯದಿದ್ದರೆ ಗೆಲ್ಲುವುದನ್ನೂ ಕಲಿಯುವುದಿಲ್ಲ ಎಂಬುದು ಅವರ ಕಡೆಯವರ ಆತಂಕ. ಆ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅಕ್ಕನ ಮಗ ಓಣಿಯಲ್ಲಿ ದಿನಾ ಸೋಲುತ್ತಾನೆ, ಸೋತು ಜಗಳವಾಡುತ್ತಾನೆ, ಮರುದಿನ ಮತ್ತೆ ಹೋಗುತ್ತಾನೆ. ಆ ಭಾನುವಾರ ಅವನನ್ನು ಸೋಲಿಸಿದ್ದು ಎದುರು ತಂಡವಲ್ಲ, ಅಡ್ಡಗಂಬ. ಅದರ ಜೊತೆ ಜಗಳವಾಡಲು ಬರುವುದಿಲ್ಲ.

ನಮ್ಮ ದೇಶದ್ದು ವಿಚಿತ್ರ ಪರಿಸ್ಥಿತಿ. ಸಣ್ಣ ಜಾಗದ ಆಟ ನಮಗೆ ಹೊಸದಲ್ಲ. ಮಲಬಾರಿನಲ್ಲಿ ಏಳೇಳು ಜನರ ‘ಸೆವೆನ್ಸ್’ ಪಂದ್ಯಗಳಿಗೆ ಊರಿಗೆ ಊರೇ ಸೇರುತ್ತದೆ. ಮುಂಬಯಿ, ಬೆಂಗಳೂರು, ಹೈದರಾಬಾದುಗಳಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಟರ್ಫುಗಳು ಕಟ್ಟಡದ ತಾರಸಿಯ ಮೇಲೂ ಎದ್ದಿವೆ. ಅಲ್ಲಿನ ಗೋಲುಗಳನ್ನು ನಾನು ಈಗ ಟೇಪು ಹಿಡಿದು ಅಳೆಯುತ್ತೇನೆ (ಕಾವಲುಗಾರರು ಅನುಮಾನದಿಂದ ನೋಡುತ್ತಾರೆ): ಒಂದರಂತೆ ಒಂದಿಲ್ಲ, ವೆಲ್ಡಿಂಗ್ ಅಂಗಡಿಯವನ ಕೈಗೆ ಸಿಕ್ಕಿದ ಪೈಪಿನ ಉದ್ದವೇ ಅಳತೆ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2018ರಲ್ಲಿ ಪುಟ್ಟ ಮಕ್ಕಳಿಗಾಗಿ ‘ಗೋಲ್ಡನ್ ಬೇಬಿ ಲೀಗ್’ ಯೋಜನೆ ತಂದಿತು, ಚಿಕ್ಕ ತಂಡ, ಚಿಕ್ಕ ಅಂಗಣ ಎಂಬುದೇ ಅದರ ತಿರುಳು. ಹೀಗೆ ಅಭ್ಯಾಸಕ್ಕೆ ಇಕ್ಕಟ್ಟಿನ ಟರ್ಫು, ಕಾಗದದ ಮೇಲೆ ಸರಿಯಾದ ಅಳತೆ, ಎರಡೂ ಇವೆ. ಆದರೆ ಟ್ರೋಫಿ ಇಟ್ಟು, ಅತಿಥಿಗಳನ್ನು ಕರೆದು, ಶಾಲೆಗಳ ನಡುವೆ ಪಂದ್ಯ ಏರ್ಪಡಿಸಿದಾಗ ಮರ್ಯಾದೆಯ ಪ್ರಶ್ನೆ ಬಂದುಬಿಡುತ್ತದೆ. ಆಗ ‘ನಿಜವಾದ’ ಮೈದಾನವೇ ಬೇಕು. ಬಡತನದಿಂದ ಮಕ್ಕಳಿಗೆ ಅಕಸ್ಮಾತ್ತಾಗಿ ಸಿಕ್ಕ ಸರಿಯಾದ ಅಳತೆಯನ್ನು ಸಂಭ್ರಮದ ದಿನ ಕಿತ್ತುಕೊಳ್ಳುತ್ತೇವೆ.

ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿದ್ದ ಒಂದು ಸಂಗತಿಯನ್ನೂ ಇಲ್ಲಿ ಹೇಳಿಬಿಡಬೇಕು, ಚರಿತ್ರೆಗೆ ಸೇರದಿದ್ದರೂ. ಎತ್ತಿ ಒಯ್ಯುವ ಸಣ್ಣ ಗೋಲುಗಳನ್ನು ನೆಲಕ್ಕೆ ಬಿಗಿಯದೆ ಬಿಡಬಾರದು. ಮಕ್ಕಳು ಅಡ್ಡಗಂಬಕ್ಕೆ ಜೋತುಬಿದ್ದಾಗ ಗೋಲು ಮಗುಚಿ ಜೀವ ಹೋದ ಘಟನೆಗಳು ಬ್ರಿಟನ್, ಅಮೆರಿಕಗಳಲ್ಲಿ ನಡೆದಿವೆ. ನೀವಿರುವ ಸೊಸೈಟಿಯ ಅಂಗಳದಲ್ಲಿ ಅಂಥದೊಂದು ಗೋಲಿದ್ದರೆ ಈ ಸಂಜೆಯೇ ಒಮ್ಮೆ ಅಲುಗಾಡಿಸಿ ನೋಡಿ, ಎರಡು ಚೀಲ ಮರಳನ್ನಾದರೂ ಹಿಂದೆ ಹೇರಿ.

ಇನ್ನು ಅನುವಾದ. ಕೋಷ್ಟಕದಲ್ಲಿ ಅಡಿ, ಮೀಟರ್ ಎರಡನ್ನೂ ಇಟ್ಟೆ, ಗಜ ಬಿಟ್ಟೆ. ಕೆಳಗೆ ನನ್ನದೇ ಒಂದು ಸಾಲು ಸೇರಿಸಲು ಕೈಪಿಡಿಯವರನ್ನು ಕೇಳಿದೆ, ಒಪ್ಪಿದರು. ಟೇಪು ಇಲ್ಲದ ಊರಿನಲ್ಲಿ ಏನು ಮಾಡಬೇಕು ಎಂಬುದಕ್ಕೆ: ಗೋಲ್‌ಕೀಪರ್ ಆಗುವ ಮಗುವನ್ನೇ ಕೈ ಚಾಚಿ ನಿಲ್ಲಿಸಿ, ಅದರ ಮಾರಿನಲ್ಲಿ ಮೂರು ಮಾರು ಅಳೆದು ಕಂಬ ನೆಡಿ. 12 ಅಡಿ ಎಂದರೆ ಏಳು ವರ್ಷದ, 120 ಸೆಂಟಿಮೀಟರ್ ಎತ್ತರದ ಮಗುವಿಗೆ ಮೂರು ಮಾರೇ ಆಗುತ್ತದೆ. ಎತ್ತರ, ಅದು ಕೈ ಎತ್ತಿ ಹಾರಿದರೆ ಸಿಗುವಷ್ಟು.

ಹೋದ ವಾರ ಈ ಸಾಲನ್ನು ಅಕ್ಕನ ಮಗನಿಗೆ ಓದಿ ಹೇಳಿದೆ. ತಕ್ಷಣ ಎದ್ದು ಅಂಗಳಕ್ಕೆ ಹೋಗಿ, ಕೈ ಚಾಚಿ ಗೋಡೆಗೆ ಒರಗಿ, ಬೆರಳ ತುದಿಗೆ ಸೀಮೆಸುಣ್ಣದ ಗುರುತು ಹಾಕಲು ನನ್ನನ್ನು ಕರೆದ. ಒಂದು, ಎರಡು, ಮೂರು. ಎರಡು ಗೆರೆ ಎಳೆದೆವು. ನಡುವೆ ನಿಂತು ಎರಡೂ ಬದಿಗೆ ನೋಡಿದ. ‘ಭಾಳ ಸಣ್ಣದಾತು ಮಾಮಾ’ ಅಂದ. ‘ನಾಕು ಮಾಡೂಣು.’